ಸುಮ್ಮನೆ ಕೂತು ಕೇಳುವುದೂ ಪ್ರಥಮ ಚಿಕಿತ್ಸೆ

ನಮ್ಮ ಆಫೀಸಿನ ಪ್ರತಿ ಮಹಡಿಯಲ್ಲೂ ಕಾಫಿ ಮೆಷಿನ್ ಪಕ್ಕ ಒಂದು ಫಸ್ಟ್ ಏಡ್ ಡಬ್ಬಿ ಇದೆ. ಯಾರಿಗಾದರೂ ತಲೆಸುತ್ತು ಬಂದರೆ, ಬಿಸಿ ಕಾಫಿ ಚೆಲ್ಲಿ ಕೈ ಸುಟ್ಟರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಪಕ್ಕದ ಸೀಟಿನವನ ಮನಸ್ಸು ಕುಸಿಯುತ್ತಿದ್ದರೆ? "ಟೆನ್ಶನ್ ತಗೋಬೇಡ, ಎಲ್ಲಾ ಸರಿ ಹೋಗುತ್ತೆ" ಅನ್ನೋದಷ್ಟೇ ನಮ್ಮ ಹತ್ತಿರ ಇರುವ ಔಷಧಿ.

ಕಳೆದ ವರ್ಷ ನಮ್ಮಲ್ಲಿ ಮಾನಸಿಕ ಆರೋಗ್ಯದ ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟರು. ಎರಡು ದಿನ, ಪ್ರತಿ ಟೀಮಿನಿಂದ ಒಬ್ಬರು. ನಮ್ಮ ಟೀಮಿನಿಂದ ನಾನು ಹೋದೆ. ಈ ಬಗೆಯ ತರಬೇತಿ ಶುರುವಾಗಿದ್ದು 2000ದಲ್ಲಿ, ಆಸ್ಟ್ರೇಲಿಯಾದಲ್ಲಂತೆ. ಬೆಟ್ಟಿ ಕಿಚನರ್ ಮತ್ತು ಅವರ ಪತಿ ಟೋನಿ ಜಾರ್ಮ್ ಇದನ್ನು ರೂಪಿಸಿದವರು. ಡಾಕ್ಟರ್ ಸಿಗುವ ತನಕ ಗಾಯಕ್ಕೆ ಪಟ್ಟಿ ಕಟ್ಟುತ್ತೇವಲ್ಲ, ಹಾಗೇ ಇದು. ಹತ್ತಿರ ಹೋಗಿ ಮಾತಾಡಿಸು, ತೀರ್ಪು ಕೊಡದೆ ಕೇಳು, ಧೈರ್ಯ ಮತ್ತು ಮಾಹಿತಿ ಕೊಡು, ತಜ್ಞರ ಬಳಿ ಹೋಗಲು ಪ್ರೋತ್ಸಾಹಿಸು, ಮನೆಯವರು-ಗೆಳೆಯರ ಆಸರೆ ಸಿಗುವಂತೆ ಮಾಡು. ಇಷ್ಟೇ ಪಾಠ.

ಓದೋಕೆ ಸುಲಭ. ಆದರೆ ಒಬ್ಬರು ಕಷ್ಟ ಹೇಳುವಾಗ ಇನ್ನೊಬ್ಬರು ಮೂರು ನಿಮಿಷ ಸಲಹೆ ಕೊಡದೆ ಕೇಳಬೇಕು ಅಂದಾಗ ನಮ್ಮ ಗುಂಪೇ ಒದ್ದಾಡಿತು. ಬಗ್ ಕಂಡರೆ ಫಿಕ್ಸ್ ಮಾಡೋದು ನಮ್ಮ ಕಸುಬು ನೋಡಿ! "ಅವರು ಕೋಡ್ ಅಲ್ಲಪ್ಪ, ಮನುಷ್ಯರು" ಅಂತ ಮೇಡಂ ನಕ್ಕರು. ಆಮೇಲೆ ಗಂಭೀರವಾಗಿ ಇನ್ನೊಂದು ಮಾತು ಹೇಳಿದರು: ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ, ಬದಲಿಗೆ ಒಳಗಿರುವುದು ಹೊರಬರುತ್ತೆ.

ಎರಡು ತಿಂಗಳಲ್ಲೇ ಆ ಪ್ರಶ್ನೆ ಕೇಳುವ ಸಂದರ್ಭ ಬಂತು. ನಮ್ಮ ಟೀಮಿನಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಇದ್ದಾನೆ. ಊರಿಂದ ಬಂದಾಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಹಂಚುತ್ತಿದ್ದವನು ಊಟಕ್ಕೇ ಬರುವುದನ್ನು ಬಿಟ್ಟ. ಮೀಟಿಂಗಿನಲ್ಲಿ ಬರೀ "ಹ್ಞೂಂ". ರಾತ್ರಿ ಮೂರಕ್ಕೆ ಅವನ ಮೆಸೇಜ್. ಒಂದು ಸಂಜೆ ಚಹಾ ಅಂಗಡಿಗೆ ಕರೆದುಕೊಂಡು ಹೋದೆ. ಹತ್ತು ನಿಮಿಷ ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ, "ಮುಂಜಾನೆ ಏಳೂದ ಬ್ಯಾಡ ಅನಸ್ತೈತಿ ಅಣ್ಣ. ಮನ್ಯಾಗ ಹೇಳಿದ್ರ ಅವ್ವ ಗಾಬರಿ ಆಗ್ತಾಳ" ಅಂದ.

ಎದೆ ಢವಗುಟ್ಟುತ್ತಿದ್ದರೂ ಕೇಳಿದೆ: "ಸಾಯಬೇಕು ಅಂತ ಅನಿಸಿದೆಯೇನೋ?"

ಗ್ಲಾಸನ್ನೇ ನೋಡುತ್ತಾ, "ಎರಡು ಸಲ ಅನಿಸೈತಿ. ಯಾರೂ ಕೇಳಿರಲಿಲ್ಲ" ಅಂದ.

ಅವತ್ತು ಅವನನ್ನು ಪಿಜಿಗೆ ಒಬ್ಬನನ್ನೇ ಕಳಿಸಲಿಲ್ಲ. ನಮ್ಮ ಮನೆಗೆ ಕರೆದುಕೊಂಡು ಬಂದು, ಟೆಲಿ ಮಾನಸ್‌ನ 14416ಕ್ಕೆ ಇಬ್ಬರೂ ಸೇರಿ ಫೋನ್ ಮಾಡಿದೆವು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ ಇದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವರ ಸಲಹೆಯಂತೆ ಮನೋವೈದ್ಯರ ಬಳಿ ಹೋದ. ಮೊದಲ ದಿನ ಹೊರಗಿನ ಬೆಂಚಿನಲ್ಲಿ ನಾನು ಕೂತಿದ್ದೆ. ಎರಡನೇ ವಾರ ಆ ಜಾಗದಲ್ಲಿ ಅವನ ಅವ್ವ ಕೂತಿದ್ದರು. ಗಾಬರಿಯಾಗಿದ್ದು ನಿಜ, ಆದರೆ ಮಗನ ಕೈ ಬಿಟ್ಟಿರಲಿಲ್ಲ. ಚಿಕಿತ್ಸೆ ಇನ್ನೂ ನಡೀತಿದೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ.

ಹಾಗಂತ ತರಬೇತಿ ಕೊಟ್ಟರೆ ಕಂಪನಿಗಳ ಜವಾಬ್ದಾರಿ ಮುಗಿಯಿತು ಅಂತಲ್ಲ. ರಾತ್ರಿ ಹನ್ನೊಂದಕ್ಕೂ ಮೀಟಿಂಗ್ ಇಟ್ಟು, ಬೆಳಗ್ಗೆ ಮಾನಸಿಕ ಆರೋಗ್ಯದ ಪೋಸ್ಟರ್ ಅಂಟಿಸಿದರೆ, ಅದು ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟ ಹಾಗೆ. ಮಾಡನ್ನೂ ರಿಪೇರಿ ಮಾಡಬೇಕು. ಇದನ್ನು ನಮ್ಮ ಮ್ಯಾನೇಜರ್‌ಗೆ ಹೇಳಿದ್ದೇವೆ. ಸದ್ಯಕ್ಕೆ ನಮ್ಮ ಟೀಮಿನಲ್ಲಿ ಎಂಟರ ನಂತರ ಕಾಲ್ ಇಲ್ಲ.

ನಿಮ್ಮ ಮಕ್ಕಳೋ ತಮ್ಮನೋ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೆ, ಫೋನಿನಲ್ಲಿ "ಊಟ ಆಯ್ತಾ?" ಆದಮೇಲೆ "ನಿದ್ದೆ ಬರ್ತಿದೆಯಾ, ಮನಸ್ಸು ಹೇಗಿದೆ?" ಅಂತಲೂ ಕೇಳಿ. ಉತ್ತರ ಬರುವ ತನಕ ಸ್ವಲ್ಪ ಕಾಯಿರಿ.