ಜ್ವರದ ತರುವಾಯದ ಮರವು



ಮರೆವು ಎಂದೊಡನೆ ನಮಗೆ ಮುಪ್ಪಿನ ನೆನಪಾಗುತ್ತದೆ. ಶರಣರ ಪರಿಭಾಷೆಯಲ್ಲಿಯಾದರೋ ಮರವು ಅರಿವಿಗೆ ಎದುರಾದುದು. ಸಾಧನೆಯಿಂದ ನೀಗಬೇಕಾದ ಕತ್ತಲೆ. ಆದರೆ ಮುಪ್ಪಿನಿಂದಲ್ಲ, ಸಾಧನೆಯ ಕೊರತೆಯಿಂದಲೂ ಅಲ್ಲ, ಕೇವಲ ಒಂದು ಜ್ವರದಿಂದ ಬಂದು ನೆಲೆನಿಲ್ಲುವ ಮರೆವೊಂದುಂಟು. ಅದನ್ನು ಅನುಭವಿಸಿದವನಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ, ನನಗೂ ಆ ಸೋಂಕು ತಗುಲಿತು. ಆಸ್ಪತ್ರೆ ಸೇರುವ ಪ್ರಸಂಗ ಬರಲಿಲ್ಲ. ಹತ್ತು ದಿನಗಳಲ್ಲಿ ಜ್ವರ ಇಳಿಯಿತು. ದೇಹ ಚೇತರಿಸಿಕೊಂಡಿತು; ಬುದ್ಧಿ ಚೇತರಿಸಿಕೊಳ್ಳಲಿಲ್ಲ. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಕಂಠಪಾಠ ಮಾಡಿದ ವಚನಗಳು ನಾಲಗೆಯ ಮೇಲೆ ಹಾಗೆಯೇ ಇದ್ದವು. ಬೆಳಿಗ್ಗೆ ಓದಿದ ಪುಟ ಮಾತ್ರ ಸಂಜೆಗೆ ಹೊಸದೆನಿಸುತ್ತಿತ್ತು. ಶಿವಾನುಭವ ಗೋಷ್ಠಿಯಲ್ಲಿ ಉಪನ್ಯಾಸದ ಎಳೆ ಅರ್ಧಕ್ಕೇ ಕೈತಪ್ಪುತ್ತಿತ್ತು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತರೆ ದೃಷ್ಟಿ ಅಲ್ಲಿಯೇ ಇರುತ್ತಿತ್ತು, ಮನಸ್ಸು ಇರುತ್ತಿರಲಿಲ್ಲ. ಇದು ಭಕ್ತಿಯ ಕುಂದೋ ಎಂಬ ಸಂಶಯ ಬಹುದಿನ ಕಾಡಿತು. ಇದು ರೋಗದ ಶೇಷವೆಂದು ವೈದ್ಯರಿಂದ ತಿಳಿದ ದಿನ ದೊರೆತ ಸಮಾಧಾನ ಸಣ್ಣದಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಈ ಸ್ಥಿತಿಗೆ ವ್ಯಾಖ್ಯೆ ನೀಡಿತು: ಸೋಂಕು ತಗುಲಿ ಸಾಮಾನ್ಯವಾಗಿ 3 ತಿಂಗಳಾದ ಮೇಲೆ ಕಾಣುವ, ಕನಿಷ್ಠ 2 ತಿಂಗಳು ಉಳಿಯುವ, ಬೇರೆ ಕಾರಣದಿಂದ ವಿವರಿಸಲಾಗದ ಲಕ್ಷಣಗಳು. ಆಯಾಸ, ಏದುಸಿರುಗಳೊಡನೆ ಬುದ್ಧಿಯ ಮಾಂದ್ಯವನ್ನೂ ಅದು ಹೆಸರಿಸಿತು. ಬ್ರಿಟನ್ನಿನ ವಿಜ್ಞಾನಿಗಳು 785 ಜನರ ಮಿದುಳಿನ ಚಿತ್ರಗಳನ್ನು ಎರಡೆರಡು ಸಲ ತೆಗೆದು ಹೋಲಿಸಿ, ಫಲವನ್ನು 2022ರಲ್ಲಿ ಪ್ರಕಟಿಸಿದರು. ನಡುವೆ ಸೋಂಕು ತಗುಲಿದ್ದ 401 ಜನರಲ್ಲಿ, ವಾಸನೆ ಹಾಗೂ ನೆನಪಿಗೆ ಸಂಬಂಧಿಸಿದ ಕೆಲವು ಭಾಗಗಳು ಸರಾಸರಿಯಲ್ಲಿ ಇತರರಿಗಿಂತ ತುಸು ಹೆಚ್ಚು ಕ್ಷೀಣಿಸಿದ್ದವು. ಅವರಲ್ಲಿ ಬಹುತೇಕರು ಆಸ್ಪತ್ರೆ ಸೇರಿದವರಲ್ಲ. ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕ ಜನರ ಬುದ್ಧಿಶಕ್ತಿಯನ್ನು ಪರೀಕ್ಷಿಸಿ 2024ರಲ್ಲಿ ಹೊರಬಂದ ಅಧ್ಯಯನವು ಒಂದು ಭರವಸೆಯನ್ನೂ ನೀಡಿತು: ದೀರ್ಘಕಾಲ ನರಳಿದರೂ ಕೊನೆಗೆ ಲಕ್ಷಣಗಳು ನೀಗಿದವರ ಸ್ಥಿತಿಯು, ಬೇಗನೆ ಗುಣ ಹೊಂದಿದವರ ಸ್ಥಿತಿಗೆ ಸಮೀಪವಾಗಿತ್ತು.

ಇದಕ್ಕೆ ನೇರವಾದ ಔಷಧವಿಲ್ಲ, ಉಪಾಯಗಳುಂಟು. ಮೊದಲು ವೈದ್ಯರಲ್ಲಿಗೆ ಹೋಗಿ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ನಿದ್ರಾಹೀನತೆ, ಮನಸ್ಸಿನ ಕುಗ್ಗು ಇವು ಕಾರಣವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅನಂತರ ಒಂದು ಸಲಕ್ಕೆ ಒಂದೇ ಕೆಲಸ; ನೆನಪಿಡಬೇಕಾದುದಕ್ಕೆ ಟಿಪ್ಪಣಿ ಪುಸ್ತಕ; ದಣಿಯುವ ಮುನ್ನವೇ ವಿಶ್ರಾಂತಿ. ನಾನು ಪೂಜೆಯ ಅವಧಿಯನ್ನು ಐದು ನಿಮಿಷಕ್ಕಿಳಿಸಿ, ತಿಂಗಳುಗಳ ಮೇಲೆ ಮೆಲ್ಲನೆ ಹೆಚ್ಚಿಸಿಕೊಂಡೆ. ಈಗ ಅರ್ಧ ಗಂಟೆ ಕುಳಿತಿರಬಲ್ಲೆ. ಹೆಸರುಗಳು ಮಾತ್ರ ಇನ್ನೂ ಜಾರುತ್ತವೆ.

ತಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಮುದುಕನ ಮರೆವನ್ನು ಲೋಕ ಕ್ಷಮಿಸುತ್ತದೆ. ಇಪ್ಪತ್ತರ ತರುಣನದನ್ನು ಕ್ಷಮಿಸುವುದಿಲ್ಲ. ಓದಿನಲ್ಲಿ ಮುಂದಿದ್ದ ಹುಡುಗ ಜ್ವರದ ತರುವಾಯ ಹಿಂದೆ ಬಿದ್ದರೆ ಸೋಮಾರಿಯೆನ್ನುತ್ತೇವೆ; ಒಲೆಯ ಮೇಲಿನ ಹಾಲು ಮರೆತ ಸೊಸೆಯನ್ನು ಅಲಕ್ಷ್ಯದವಳೆನ್ನುತ್ತೇವೆ. ಗದರುವ ಮುನ್ನ, "ಆ ಜ್ವರದ ಮೇಲೆ ಹೀಗಾಯಿತೇ, ತಂಗೀ?" ಎಂದು ಒಮ್ಮೆ ಕೇಳಿ. ಹಸಿದವನಿಗೆ ಅನ್ನವಿಕ್ಕುವಂತೆ, ಮರೆತವನಿಗೆ ತಾಳ್ಮೆಯಿಂದ ನೆನಪಿಸಿಕೊಡುವುದೂ ದಾಸೋಹವೇ.