ಆಸ್ತಿಯಿಲ್ಲದ ಆಸ್ತಿಪಂಡಿತರು

ಆಸ್ತಿಯ ಮಾತು ಎತ್ತಿದರೆ ನಮ್ಮ ಜಗಲಿಗಳಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಯಾರು ಯಾರ ಬದು ಒತ್ತಿದರು, ಪಹಣಿಯಲ್ಲಿ ಯಾರ ಹೆಸರು ಕೂತಿದೆ, ಪಾಲಿನ ದಾವೆ ಎಲ್ಲಿಗೆ ಬಂತು – ಕಾಫಿ ಆರಿದರೂ ಮಾತು ಆರುವುದಿಲ್ಲ. ನಡುವೆ ವಕೀಲರೊಬ್ಬರಿದ್ದರೆ ‘ಮಿತಾಕ್ಷರಾ’ ಎಂಬ ಗ್ರಂಥದ ಹೆಸರೂ ಬಂದೇ ಬರುತ್ತದೆ. ಅದನ್ನು ಬರೆದ ವಿಜ್ಞಾನೇಶ್ವರರು ಎಲ್ಲಿ ಕೂತು ಬರೆದರು ಅಂತೀರಿ? ಕಾಶಿಯಲ್ಲಲ್ಲ, ನಮ್ಮ ಬಸವಕಲ್ಯಾಣದಲ್ಲಿ!

ಆಗ ಅದು ಕಲ್ಯಾಣ, ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲ. ಎಂಥ ಊರಾಗಿತ್ತು ನೋಡಿ: ದೂರದ ಕಾಶ್ಮೀರದಿಂದ ಹೊರಟ ಬಿಲ್ಹಣ ಕವಿ ಊರೂರು ಸುತ್ತಿ ಕಡೆಗೆ ನೆಲೆ ಕಂಡದ್ದು ಇಲ್ಲೇ, ದೊರೆಯ ಮೇಲೊಂದು ಮಹಾಕಾವ್ಯವನ್ನೂ ಬರೆದ. ಬಿಲ್ಹಣನ ಕಥೆ ಹಿಡಿದರೆ ಸಂಜೆಯಾಗಿಬಿಡುತ್ತದೆ, ಇರಲಿ. ನಮ್ಮ ಪಂಡಿತರೂ ಕಡಿಮೆಯವರಲ್ಲ. ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ದೊರೆಯಿಲ್ಲ, ವಿಜ್ಞಾನೇಶ್ವರನಂಥ ಪಂಡಿತನಿಲ್ಲ ಎಂಬ ಅರ್ಥದ ಶ್ಲೋಕವನ್ನು ಗ್ರಂಥದ ಕೊನೆಗೆ ಇಟ್ಟಿದ್ದಾರೆ. ಅಷ್ಟು ದೊಡ್ಡ ಕೆಲಸ ಮುಗಿಸಿದವರಿಗೆ ಆ ಹೆಮ್ಮೆ ಒಪ್ಪುತ್ತದೆ, ಅಲ್ಲವೇ?

ಅವರ ಗುರುತು ಗ್ರಂಥದಲ್ಲೇ ಇದೆ: ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟರ ಮಗ, ಪರಮಹಂಸ ಪರಿವ್ರಾಜಕ. ಅಂದರೆ ಸಂನ್ಯಾಸಿ! ಮನೆ, ಹೊಲ, ಪಾಲು ಎಲ್ಲ ಬಿಟ್ಟವರು. ಅಂಥವರು ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆಯುತ್ತ, ದಾಯಭಾಗಕ್ಕೆ, ಅಂದರೆ ಆಸ್ತಿ ಹಂಚಿಕೆಯ ಮಾತಿಗೆ ಬಂದಾಗ, ‘ನನ್ನದು’ ಎನ್ನುವ ಹಕ್ಕು ಎಲ್ಲಿಂದ ಹುಟ್ಟುತ್ತದೆ ಎಂದು ಬುಡದಿಂದಲೇ ಕೇಳುತ್ತಾರೆ. ಶಾಸ್ತ್ರದಿಂದಲೇ? ಅಲ್ಲ, ಲೋಕದಿಂದ ಎನ್ನುತ್ತಾರೆ. ಶಾಸ್ತ್ರದ ಗಾಳಿಯೇ ತಾಕದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ಹಾಗಿದ್ದಮೇಲೆ ಒಡೆತನ ಲೌಕಿಕವಲ್ಲದೆ ಇನ್ನೇನು? ಒಂಬೈನೂರು ವರ್ಷಗಳ ಹಿಂದೆ ಕಾವಿ ತೊಟ್ಟವರೊಬ್ಬರು ಸಂತೆಯ ವ್ಯವಹಾರವನ್ನು ಸಾಕ್ಷಿಗೆ ಕರೆದರಲ್ಲ, ನನಗಂತೂ ಅದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದವರೂ ಇವರೇ. ಬಂಗಾಳದ ಜೀಮೂತವಾಹನರು ಒಪ್ಪಲಿಲ್ಲ. ಅಪ್ಪ ಕಣ್ಣು ಮುಚ್ಚಿದ ಮೇಲಷ್ಟೇ ಮಕ್ಕಳ ಹಕ್ಕು ಎಂದರು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷರು ಈ ಎರಡು ವಾದಗಳನ್ನೂ ಒಂದೇ ರಟ್ಟಿನೊಳಗೆ ಇಂಗ್ಲಿಷಿಗೆ ತಂದರು. ಅಲ್ಲಿಂದ ಕಲ್ಯಾಣದ ಸಂನ್ಯಾಸಿಯ ಮಾತು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಕೇಳಿಸಿತು.

ಹೆಣ್ಣುಮಕ್ಕಳ ವಿಷಯ ಕೇಳುತ್ತೀರಾ? ಸ್ತ್ರೀಧನವೆಂದರೆ ಬರೀ ತವರಿನ ಒಡವೆಯಲ್ಲ, ಕೊಂಡದ್ದು, ಪಾಲಿನಲ್ಲಿ ಬಂದದ್ದು ಎಲ್ಲವೂ ಸೇರುತ್ತದೆ ಎಂದು ಅವರು ಅಂದೇ ಹಿಗ್ಗಿಸಿದ್ದರು. ಹುಟ್ಟಿನ ಹಕ್ಕು ಮಾತ್ರ ಗಂಡಿನ ಪಾಲಿಗೇ ಉಳಿಯಿತು. ಒಡೆತನ ಲೌಕಿಕವಾದರೆ ಲೋಕದವರು ಅದನ್ನು ತಿದ್ದಲೂಬಹುದಷ್ಟೆ? ತಿದ್ದಿದರು. 1994ರಲ್ಲಿ ಕರ್ನಾಟಕ, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ಕೊಟ್ಟಿತು. 2005ರಲ್ಲಿ ಕೇಂದ್ರದ ಕಾನೂನು ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನಿನ ಬಗ್ಗೆ ಇದ್ದ ಅನುಮಾನಗಳನ್ನು ತೀರಿಸಿತು.

ಹಾಗಾಗಿ, ಅರಿಶಿನ-ಕುಂಕುಮಕ್ಕೆ ಅಂತ ಇಷ್ಟು ಕೊಟ್ಟು ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಳ್ಳುವ ಮುಂಚೆ, ಅವರನ್ನೂ ಪಕ್ಕದಲ್ಲಿ ಕೂರಿಸಿ ಲೆಕ್ಕ ತೋರಿಸಿ.