ಆ ಪಿಯಾನೋ ಲಿಲ್‌ದು

ಜಾಝ್ ಅಂದರೆ ನನಗೆ ಮೊದಲೆಲ್ಲ ಕಾಫಿ ಶಾಪ್‌ನ ಹಿನ್ನೆಲೆ ಸದ್ದು, ಅಷ್ಟೇ. ಈಗ ಆಫೀಸ್ ಕ್ಯಾಬ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ನೂರು ವರ್ಷ ಹಳೆಯ ರೆಕಾರ್ಡುಗಳನ್ನೇ ಹುಡುಕಿ ಕೇಳುತ್ತೇನೆ. ಅದರಲ್ಲೂ ಲೂಯಿ ಆರ್ಮ್‌ಸ್ಟ್ರಾಂಗ್ 1925ರಿಂದ ಷಿಕಾಗೋದಲ್ಲಿ ‘ಹಾಟ್ ಫೈವ್’, ‘ಹಾಟ್ ಸೆವೆನ್’ ತಂಡಗಳ ಜೊತೆ ಮಾಡಿದವು. ನ್ಯೂ ಆರ್ಲಿಯನ್ಸ್‌ನ ಹಳೆಯ ಬ್ಯಾಂಡುಗಳಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವುದೇ ಹೆಚ್ಚು. ಒಬ್ಬನೇ ಮುಂದೆ ಬಂದು, ಧಾಟಿಯನ್ನು ತನ್ನಿಷ್ಟದಂತೆ ಬೆಳೆಸುವ ‘ಸೋಲೋ’ ಜಾಝ್‌ನ ಜೀವಾಳವಾದದ್ದರಲ್ಲಿ ಈ ರೆಕಾರ್ಡುಗಳ ಪಾಲು ದೊಡ್ಡದು.

ಆದರೆ ನನ್ನನ್ನು ಹಿಡಿದಿಟ್ಟವಳು ಅವುಗಳಲ್ಲಿ ಬಹುಪಾಲಿಗೆ ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್. 1898ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿದ ಕಪ್ಪು ಹುಡುಗಿ. ಷಿಕಾಗೋದ ಸಂಗೀತದಂಗಡಿಯಲ್ಲಿ ಗಿರಾಕಿಗಳಿಗೆ ಹೊಸ ಹಾಡು ನುಡಿಸಿ ತೋರಿಸುವ ಕೆಲಸ. ಆಮೇಲೆ ಕಿಂಗ್ ಆಲಿವರ್ ಬ್ಯಾಂಡ್. 1922ರಲ್ಲಿ ಅದೇ ಬ್ಯಾಂಡಿಗೆ ಎರಡನೇ ಕಾರ್ನೆಟ್ ನುಡಿಸಲು ಲೂಯಿ ಬಂದ. 1924ರಲ್ಲಿ ಮದುವೆ.

ಲೂಯಿಗೆ ಆಲಿವರ್ ಅಂದರೆ ಗುರು, ಹೆಚ್ಚುಕಮ್ಮಿ ಅಪ್ಪನೇ. ಎರಡನೆಯವನಾಗಿಯೇ ಇದ್ದುಬಿಡುತ್ತಿದ್ದನೇನೋ. ‘ಸಾಕು, ಹೊರಗೆ ಬಾ’ ಅಂತ ಅವನ ಹಿಂದೆ ಬಿದ್ದವಳು ಲಿಲ್. ಆತ ನ್ಯೂಯಾರ್ಕಿಗೆ ಹೋದ. ಮರುವರ್ಷ ಅವನನ್ನು ವಾಪಸ್ ಕರೆಸಿ, ತನ್ನದೇ ಬ್ಯಾಂಡಿನಲ್ಲಿ ಜಗತ್ತಿನ ಅತಿ ದೊಡ್ಡ ಟ್ರಂಪೆಟ್ ವಾದಕ ಅಂತ ಜಾಹೀರು ಮಾಡಿಸಿದವಳೂ ಅವಳೇ.

ಇದನ್ನು ಓದಿದಾಗ ನನಗೆ ನಮ್ಮ ಮನೆಯೇ ನೆನಪಾಯಿತು. ನನ್ನ ಗಂಡ ಕಾಯಂ ಕೆಲಸ ಬಿಟ್ಟು ಸ್ವಂತ ಕಂಪನಿ ಶುರು ಮಾಡಿದ್ದಾನೆ. ಬಿಡು ಬಿಡು ಅಂತ ಆರು ತಿಂಗಳು ಜಗಳ ಆಡಿದ್ದು ನಾನು. ಎರಡು ವರ್ಷ ಇಎಂಐ ಕಟ್ಟಿದ್ದು ನನ್ನ ಸಂಬಳ. ನೆಂಟರ ಗೃಹಪ್ರವೇಶದಲ್ಲಿ ಚಿಕ್ಕಪ್ಪ “ಏನು ಧೈರ್ಯ ಕಣಯ್ಯಾ ನಿಂದು!” ಅಂತ ಅವನ ಬೆನ್ನು ತಟ್ಟುವಾಗ ನಾನು ಪಕ್ಕದಲ್ಲೇ ಪಾಯಸ ತಿಂತಾ ಇದ್ದೆ. ಅವನು ಸುಮ್ಮನೆ ನಕ್ಕ. ಕೆಟ್ಟವನಲ್ಲ ಅವನು. ಲೂಯಿಯೂ ಕೆಟ್ಟವನಿರಲಿಲ್ಲ ಬಿಡಿ.

ಲಿಲ್ ಮಾತ್ರ ಕೊರಗುತ್ತಾ ಕೂತವಳಲ್ಲ. 1938ರಲ್ಲಿ ವಿಚ್ಛೇದನವಾಯಿತು. ತಾನೇ ಬ್ಯಾಂಡ್ ಕಟ್ಟಿದಳು, ಹಾಡು ಬರೆದಳು, ನಡುವೆ ಬಟ್ಟೆ ಹೊಲಿಯುವುದನ್ನೂ ಕಲಿತಳು. ಅವಳ ‘ಜಸ್ಟ್ ಫಾರ್ ಎ ಥ್ರಿಲ್’ ಅನ್ನು 1959ರಲ್ಲಿ ರೇ ಚಾರ್ಲ್ಸ್ ಹಾಡಿದ. ಆ ಹಾಡು ಕೇಳಿದವರಲ್ಲಿ ಎಷ್ಟು ಜನಕ್ಕೆ ಬರೆದವಳ ಹೆಸರು ಗೊತ್ತು?

1971ರ ಜುಲೈನಲ್ಲಿ ಲೂಯಿ ತೀರಿಕೊಂಡ. ಆಗಸ್ಟ್ 27ರಂದು ಷಿಕಾಗೋದಲ್ಲಿ ಅವನ ನೆನಪಿನ ಕಛೇರಿ. ಲಿಲ್ ಪಿಯಾನೋ ನುಡಿಸುತ್ತಿದ್ದಳು. ಅಲ್ಲೇ ಕುಸಿದಳು, ಏಳಲಿಲ್ಲ.

1977ರಲ್ಲಿ ನಾಸಾ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲೂ ಒಂದೊಂದು ಚಿನ್ನದ ಲೇಪದ ಧ್ವನಿಮುದ್ರಿಕೆ ಇದೆ. ಅದರಲ್ಲಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ. ಹಾಟ್ ಸೆವೆನ್ 1927ರಲ್ಲಿ ನುಡಿಸಿದ ‘ಮೆಲಂಕಲಿ ಬ್ಲೂಸ್’ ಕೂಡ ಇದೆ. ಪಿಯಾನೋ ಲಿಲ್‌ದು.

ಮೊನ್ನೆ ರಾತ್ರಿ ಅದನ್ನು ಗಂಡನಿಗೆ ಕೇಳಿಸಿದೆ. ಟ್ರಂಪೆಟ್ ಬಿಡು, ಪಿಯಾನೋ ಕೇಳು ಅಂದೆ. “ಎಲ್ಲಿದೆ? ಕೇಳಿಸ್ತಾನೇ ಇಲ್ಲ” ಅಂದ. ಇನ್ನೊಂದು ಸಲ ಹಾಕಿದೆ, ವಾಲ್ಯೂಮ್ ಜಾಸ್ತಿ ಮಾಡಿ.